ಆಮ್ಲಜನಕವಿಲ್ಲದ ಬೆಂಕಿ, ಶಾದ್‌ನಗರಕ್ಕಿಳಿದ ಚಿತ್ರ

1988ರ ಮಾರ್ಚ್ 17ರಂದು ಬೈಕನೂರು ಉಡಾವಣಾ ಕೇಂದ್ರದಿಂದ ಮೇಲೇರಿದ ಭಾರತದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ, ತಾನು ತೆಗೆದ ಚಿತ್ರಗಳನ್ನು ಶಾದ್‌ನಗರದ ಭೂಕೇಂದ್ರಕ್ಕೆ ಇಳಿಸುತ್ತಿತ್ತು. ಆಗ ಶಾದ್‌ನಗರವೂ ನಮ್ಮ ಗಡಿಭಾಗದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಎಲ್ಲವೂ ಒಂದೇ ಮಹಬೂಬ್‌ನಗರ ಜಿಲ್ಲೆಯಲ್ಲಿದ್ದವು. ಜಿಲ್ಲೆ ಹೋಳಾದ ಮೇಲೆ ಶಾದ್‌ನಗರದ ಜೊತೆಗಿನ ಈ ನಂಟೂ ಮರೆತುಹೋಗಿದೆ.

ಹೊಗಳಿಕೆಯೆಲ್ಲ ಕ್ಯಾಮೆರಾಗೇ ಸಂದಿತು. 904 ಕಿ.ಮೀ. ಎತ್ತರದಲ್ಲಿ ಉಪಗ್ರಹ ದಾರಿ ತಪ್ಪದೆ, 22 ದಿನಕ್ಕೊಮ್ಮೆ ಅದೇ ಹೊಲ, ಅದೇ ಹೊಳೆಯ ಮೇಲೆ ಬರುವಂತೆ ಸರಿಪಡಿಸುತ್ತಿದ್ದ 16 ಪುಟ್ಟ ಎಂಜಿನ್‌ಗಳನ್ನು ಯಾರೂ ನೆನೆಯಲಿಲ್ಲ. ಒಂದೊಂದರ ಬಲ 1 ನ್ಯೂಟನ್, ಅಂಗೈ ಮೇಲೆ ನೂರು ಗ್ರಾಂ ಬೆಲ್ಲ ಇಟ್ಟಷ್ಟು ಭಾರ.

ಅವುಗಳ ಇಂಧನ ಹೈಡ್ರಜೀನ್. ಅದರಲ್ಲಿರುವುದು ಸಾರಜನಕ, ಜಲಜನಕ ಎರಡೇ. ಜೊತೆಗೆ ಆಮ್ಲಜನಕದ ಟ್ಯಾಂಕೂ ಇಲ್ಲ. ಅಣು ತಾನೇ ಒಡೆದು ಅಮೋನಿಯಾ, ಸಾರಜನಕವಾಗುವಾಗ ಕಾವು ಹೊಮ್ಮುತ್ತದೆ. ಬಿಸಿ ಅನಿಲ ನಳಿಗೆಯಿಂದ ನುಗ್ಗಿ ಉಪಗ್ರಹವನ್ನು ತಳ್ಳುತ್ತದೆ.

ತೊಡಕಿದ್ದದ್ದು ಹೊತ್ತಿಸುವುದರಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ವಿ-2 ರಾಕೆಟ್ಟಿನ ಪಂಪು ತಿರುಗಿಸಲು ಹೈಡ್ರೋಜನ್ ಪೆರಾಕ್ಸೈಡನ್ನು ಪರ್ಮಾಂಗನೇಟಿನಿಂದ ಒಡೆಸಿದ್ದರು. ಹೈಡ್ರಜೀನ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. 1962ರಲ್ಲಿ ಶುಕ್ರನತ್ತ ಹೋದ ಮ್ಯಾರಿನರ್-2 ನೌಕೆಯ ಎಂಜಿನ್ನಿಗೆ ಚಾಲನೆ ಕೊಡಲು ನೈಟ್ರೋಜನ್ ಟೆಟ್ರಾಕ್ಸೈಡನ್ನು ಒಂದಿಷ್ಟು ಚಿಮ್ಮಿಸಬೇಕಾಯಿತು. ಅದು ತೀರಿದರೆ ಮತ್ತೆ ಹೊತ್ತಿಸುವಂತಿರಲಿಲ್ಲ. ಇಂಥ ಎಂಜಿನ್ ಕಟ್ಟಿಕೊಂಡು ವರ್ಷಗಟ್ಟಲೆ ದಾರಿ ತಿದ್ದಿಕೊಳ್ಳುವುದು ಹೇಗೆ?

ಬಿಡುಗಡೆ ಸಿಕ್ಕಿದ್ದು ಅಮೆರಿಕದ ಶೆಲ್ 405 ಎಂಬ ವೇಗವರ್ಧಕದಿಂದ. ಅಲ್ಯುಮಿನಾ ಹರಳುಗಳ ಮೇಲೆ ಇರಿಡಿಯಂ ಲೋಹ ಕೂರಿಸಿದ್ದರು. ಹೈಡ್ರಜೀನ್ ತಾಗಿದೊಡನೆ ಒಡೆಯತೊಡಗುತ್ತದೆ. ಕಿಡಿ ಬೇಡ, ಕವಾಟ ತೆರೆದರೆ ಸಾಕು. ಮುಚ್ಚಿದರೆ ಆರಿತು, ಮತ್ತೆ ತೆರೆದರೆ ಮತ್ತೆ ಹೊತ್ತಿತು. ಮುಂದಿನ ಅದೆಷ್ಟೋ ಉಪಗ್ರಹಗಳು ಈ ಹರಳುಗಳ ಋಣದಲ್ಲಿವೆ.

ಮೂರು ವರ್ಷಕ್ಕೆಂದು ಕಟ್ಟಿದ ಐಆರ್‌ಎಸ್-1ಎ ಹೀಗೆ ಮತ್ತೆ ಮತ್ತೆ ದಾರಿ ತಿದ್ದಿಕೊಳ್ಳುತ್ತ 1996ರ ಜುಲೈವರೆಗೆ ದುಡಿಯಿತು.

ಹೈಡ್ರಜೀನ್ ಮಾತ್ರ ಕಡು ವಿಷ. ತುಂಬಿಸುವವರು ಮೈತುಂಬ ಮುಚ್ಚುವ ಕವಚ ತೊಡಬೇಕು. ಸುಮಾರು 2 ಡಿಗ್ರಿಗೇ ಹೆಪ್ಪುಗಟ್ಟುವುದರಿಂದ ಬಾಹ್ಯಾಕಾಶದಲ್ಲಿ ಟ್ಯಾಂಕನ್ನು ಬೆಚ್ಚಗಿಡಲೇಬೇಕು. ಕಡಿಮೆ ವಿಷದ ಇಂಧನದಿಂದ ನಡೆಯುವ ‘ರುದ್ರ’ ಎಂಜಿನ್ನನ್ನು ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಕಂಪನಿ 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರ ಜೊತೆ ಕಳಿಸಿತು.

ಉರಿಯಲು ಆಮ್ಲಜನಕ ಬೇಕೆಂದು ನಮ್ಮ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವ ಮೇಷ್ಟ್ರುಗಳೇ, ಆಮ್ಲಜನಕವಿಲ್ಲದೆಯೂ ಬಿಸಿ ಹುಟ್ಟುವ ಈ ಎಂಜಿನ್ನಿನ ವಿಷಯವನ್ನೂ ಮಕ್ಕಳಿಗೆ ಹೇಳಿ. ಶಾದ್‌ನಗರ ಹೈದರಾಬಾದಿನ ದಾರಿಯಲ್ಲೇ ಇದೆ ಅನ್ನುವುದನ್ನೂ ಹೇಳಿ.