ಸದ್ದಿಲ್ಲದೆ ಹರಿಯುವ ಬೆಲ್ಟ್

ಗಜೇಂದ್ರಗಡಕ್ಕೆ ಇನ್ನೂ ರೈಲು ಬಂದಿಲ್ಲ. ರೋಣದಿಂದ ಬೇರ್ಪಟ್ಟು ತಾಲ್ಲೂಕಾದ ಮೇಲೂ ದೊಡ್ಡ ಆಸ್ಪತ್ರೆಗೆ, ಮದುವೆ ಜವಳಿಗೆ, ಮಕ್ಕಳ ಕಾಲೇಜಿಗೆ ಗದಗ, ಹುಬ್ಬಳ್ಳಿ, ಬಾಗಲಕೋಟೆಯ ಕಡೆ ರಸ್ತೆ ಹಿಡಿದೇ ಹೋಗಬೇಕು. ಇಂಥ ಊರುಗಳಲ್ಲಿ ಹಳೇ ಇಂಡಿಕಾ, ಹಳೇ ಇನ್ನೋವಾ, ಹಳೇ ಡಸ್ಟರ್‌ಗಳು ಎಷ್ಟೋ ಮನೆಗಳ ಆಧಾರ. ಮೂರು ನಾಲ್ಕು ಕೈ ದಾಟಿ ಬಂದ ಗಾಡಿಯ ಜೊತೆ ಆರ್‌ಸಿ ಬರುತ್ತದೆ, ಇನ್ಶೂರೆನ್ಸ್ ಬರುತ್ತದೆ. ಟೈಮಿಂಗ್ ಬೆಲ್ಟ್ ಕೊನೆಯ ಸಲ ಯಾವಾಗ ಬದಲಾಯಿತು ಎಂಬ ಚೀಟಿ ಮಾತ್ರ ಬರುವುದು ಅಪರೂಪ. ಆ ಒಂದು ಚೀಟಿ ಇಲ್ಲದ್ದಕ್ಕೆ ಗಾಡಿಯ ಬೆಲೆಯ ದೊಡ್ಡ ಪಾಲನ್ನು ಗ್ಯಾರೇಜಿಗೆ ಸುರಿಯಬೇಕಾಗಿ ಬಂದವರು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ.

ಇದರಲ್ಲಿ ಅವರ ನಿರ್ಲಕ್ಷ್ಯಕ್ಕಿಂತ ಅವರ ಅನುಭವದ ಪಾತ್ರ ಹೆಚ್ಚು ಎಂದು ನನಗನ್ನಿಸುತ್ತದೆ. ಎರೆಹೊಲದವರು ಎಂಜಿನ್ ಎಂಬುದನ್ನು ಕಲಿತದ್ದು ಟ್ರ್ಯಾಕ್ಟರಿನ ಮೇಲೆ. ಟ್ರ್ಯಾಕ್ಟರ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಈ ಬೆಲ್ಟಿನ ಕೆಲಸವನ್ನು ಉಕ್ಕಿನ ಗಿಯರುಗಳು ಮಾಡುತ್ತವೆ. ಎಣ್ಣೆಯಲ್ಲಿ ಮುಳುಗಿ ತಿರುಗುವ ಆ ಗಿಯರುಗಳನ್ನು ಯಾರೂ ಅವಧಿಗೆ ಸರಿಯಾಗಿ ಬದಲಿಸುವುದಿಲ್ಲ, ಬದಲಿಸುವ ಅಗತ್ಯವೂ ಇಲ್ಲ. ಎಂಜಿನ್ ಆಯಿಲ್, ಫಿಲ್ಟರ್ ನೋಡಿಕೊಂಡರೆ ಗಾಡಿ ತಾನಾಗಿ ಓಡುತ್ತದೆ ಎಂಬ ನಂಬಿಕೆ ಅಲ್ಲಿಂದ ಬಂದದ್ದು, ಅಲ್ಲಿಗೆ ಸರಿಯಾದದ್ದೇ. ಕಾರಿನ ಮುಂದೆ ಅದು ಕೈಕೊಡುತ್ತದೆ.

ಎಂಜಿನ್ನಿನ ಒಳಗೆ ಎರಡು ಚಲನೆಗಳು ಒಟ್ಟಿಗೆ ನಡೆಯಬೇಕು. ಕೆಳಗೆ ಕ್ರ್ಯಾಂಕ್ ಶಾಫ್ಟ್ ತಿರುಗಿದಂತೆ ಪಿಸ್ಟನ್‌ಗಳು ಏರಿ ಇಳಿಯುತ್ತವೆ. ಮೇಲೆ ಕ್ಯಾಮ್ ಶಾಫ್ಟ್ ತಿರುಗಿದಂತೆ ವಾಲ್ವುಗಳು ತೆರೆದು ಮುಚ್ಚುತ್ತವೆ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಸರಿಯಾಗಿ ಒಂದೇ ಸುತ್ತು ಬರಬೇಕು. ಎಂಜಿನ್ ನಿಮಿಷಕ್ಕೆ 2,400 ಸುತ್ತಿನಲ್ಲಿದ್ದರೆ ಪ್ರತಿ ಪಿಸ್ಟನ್ ಸೆಕೆಂಡಿಗೆ 40 ಸಲ ಮೇಲೆ ಬರುತ್ತದೆ, ಪ್ರತಿ ವಾಲ್ವ್ 20 ಸಲ ಕೆಳಗಿಳಿದು ತೆರೆಯುತ್ತದೆ. ಎರಡೂ ಬಂದುಹೋಗುವುದು ಒಂದೇ ಜಾಗಕ್ಕೆ, ಬೇರೆ ಬೇರೆ ಕ್ಷಣದಲ್ಲಿ. ಪಟ್ಟೇದಂಚಿನ ಸೀರೆ ನೇಯುವ ನಮ್ಮೂರ ಮಗ್ಗ ಕಂಡವರಿಗೆ ಇದು ಹೊಸದಲ್ಲ. ಹಾಸಿನ ಎಳೆಗಳು ಬಾಯಿ ತೆರೆದ ಹೊತ್ತಿಗೇ ಲಾಳಿ ದಾಟಬೇಕು. ಲಾಳಿ ನಡುವೆ ಇರುವಾಗ ಬಾಯಿ ಮುಚ್ಚಿಕೊಂಡರೆ ಎಳೆಗಳು ಹರಿಯುತ್ತವೆ. ಎಂಜಿನ್ನಿನಲ್ಲಿ ಆ ಹೊತ್ತನ್ನು ಕಾಯುವುದು ಹಲ್ಲುಳ್ಳ ಒಂದು ರಬ್ಬರ್ ಬೆಲ್ಟ್. ಹಿಟ್ಟಿನ ಗಿರಣಿಯ ಪಟ್ಟಾ ಸ್ವಲ್ಪ ಜಾರಿದರೂ ನಡೆಯುತ್ತದೆ. ಇದು ಒಂದು ಹಲ್ಲೂ ಜಾರುವಂತಿಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಅಪಾಯ ಇನ್ನೂ ಹೆಚ್ಚು. ಅದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನೆಂಟು ಪಾಲಿನಿಂದ ಒಂದು ಪಾಲಿಗೆ ಒತ್ತಿ, ಆ ಕಾವಿನಲ್ಲೇ ಇಂಧನ ಉರಿಯುವಂತೆ ಮಾಡಬೇಕು. ಅಷ್ಟು ಒತ್ತಬೇಕೆಂದರೆ ಪಿಸ್ಟನ್ ಸಿಲಿಂಡರಿನ ಮುಚ್ಚಳವಾದ ಹೆಡ್ಡಿಗೆ ತಾಗುವಷ್ಟು ಹತ್ತಿರ ಬರಬೇಕು, ತೆರೆದ ವಾಲ್ವಿಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ. ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಬೆಲ್ಟ್ ಹರಿದರೂ ಪಿಸ್ಟನ್ ವಾಲ್ವಿಗೆ ತಾಗದಷ್ಟು ಅಂತರ ಇರುತ್ತದೆ. ಡೀಸೆಲ್ಲಿನಲ್ಲಿ ಆ ಅದೃಷ್ಟವನ್ನು ನಂಬಿ ಕೂರುವಂತಿಲ್ಲ.

ಕಾರುಗಳಿಗೆ ಈ ಬೆಲ್ಟ್ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1962ರಲ್ಲಿ, ಜರ್ಮನಿಯ ಬವೇರಿಯಾದ ಗ್ಲಾಸ್ ಕಂಪನಿಯ 1004 ಎಂಬ ಕಾರಿನಿಂದ. ಕಾರಿಗೆ ಕೈಹಾಕುವ ಮುಂಚೆ ಆ ಕಂಪನಿ ರೈತರಿಗೆ ಬಿತ್ತನೆ ಯಂತ್ರ ಮಾಡುತ್ತಿತ್ತು. ಬೆಲ್ಟಿಗೆ ಎಣ್ಣೆ ಬೇಡ, ಸದ್ದಿಲ್ಲ, ಖರ್ಚೂ ಕಡಿಮೆ. 1966ರಲ್ಲಿ ಬಿಎಂಡಬ್ಲ್ಯು ಗ್ಲಾಸ್ ಕಂಪನಿಯನ್ನು ಕೊಂಡುಕೊಂಡಿತು, ಬೆಲ್ಟ್ ಮಾತ್ರ ಜಗತ್ತಿನ ತುಂಬ ಹಬ್ಬಿತು. ನಮ್ಮಲ್ಲಿ 1998ರ ಕೊನೆಗೆ ಬಂದ ಇಂಡಿಕಾ ಡೀಸೆಲ್, 2005ರಿಂದ ಬಿಡದಿಯಲ್ಲಿ ತಯಾರಾದ ಇನ್ನೋವಾದ 2.5 ಲೀಟರ್ ಡೀಸೆಲ್, 2012ರ ಡಸ್ಟರಿನ 1.5 ಲೀಟರ್ ಡೀಸೆಲ್ ಎಲ್ಲವೂ ಬೆಲ್ಟಿನವೇ. ಮೊದಲ ಸ್ವಿಫ್ಟ್ ಡೀಸೆಲ್, ಇನ್ನೋವಾ ಕ್ರಿಸ್ಟಾ ಡೀಸೆಲ್ ಬೆಲ್ಟಿನ ಬದಲು ಚೈನಿನವು.

ಚೈನ್ ಸವೆದರೆ ಮುಂಚೆಯೇ ಕಟಕಟ ಎನ್ನುತ್ತದೆ. ಬೆಲ್ಟ್ ಹೇಳುವುದಿಲ್ಲ. ಗಾಜಿನ ನಾರಿನ ಹುರಿಗಳ ಸುತ್ತ ರಬ್ಬರ್ ಕಟ್ಟಿ, ಹಲ್ಲುಗಳಿಗೆ ನೈಲಾನ್ ಬಟ್ಟೆ ಹೊದಿಸಿದ ವಸ್ತು ಅದು. ಓಡಿದಷ್ಟೂ ಸವೆಯುತ್ತದೆ, ಓಡದೆ ನಿಂತರೂ ಕಾವಿಗೆ, ವಯಸ್ಸಿಗೆ ಒಣಗಿ ಬಿರಿಯುತ್ತದೆ. ಸೀಲಿನಿಂದ ಜಿನುಗಿದ ಆಯಿಲ್ ತಾಗಿದರೆ ಇನ್ನೂ ಬೇಗ. ಆದ್ದರಿಂದ ತಯಾರಕರು ಸಾಮಾನ್ಯವಾಗಿ ಎರಡು ಗಡುವು ಕೊಡುತ್ತಾರೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಓಡುವ ಮನೆಯ ಗಾಡಿಯವರು ಎರಡನೆಯದನ್ನು ಮರೆಯುತ್ತಾರೆ.

ಹಳೇ ಇನ್ನೋವಾ ಡೀಸೆಲ್ಲಿನಲ್ಲಿ 1 ಲಕ್ಷ ಕಿ.ಮೀ. ಆದಾಗ ಮೀಟರಿನಲ್ಲಿ ಟಿ-ಬೆಲ್ಟ್ ಎಂಬ ದೀಪ ಹತ್ತುತ್ತದೆ. ಹಳೇ ಗಾಡಿ ಕೊಳ್ಳುವವರು ಇದೊಂದನ್ನು ಗಟ್ಟಿಯಾಗಿ ನೆನಪಿಡಬೇಕು: ಆ ದೀಪ ಬೆಲ್ಟನ್ನು ನೋಡುವುದಿಲ್ಲ, ಕಿಲೋಮೀಟರ್ ಎಣಿಸುತ್ತದೆ ಅಷ್ಟೇ. ಬೆಲ್ಟ್ ಮುಟ್ಟದೆಯೂ ಅದನ್ನು ರೀಸೆಟ್ ಮಾಡಿ ಆರಿಸಬಹುದು. ದೀಪ ಆರಿದೆ ಎಂದು ಸಮಾಧಾನಪಡಬೇಡಿ, ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬೆಲ್ಟ್ ಹಳೆಯದೆಂದೇ ತಿಳಿದು ಮೊದಲ ತಿಂಗಳಲ್ಲೇ ಬದಲಿಸಿ.

ಹರಿಯುವ ಕ್ಷಣದಲ್ಲಿ ಏನಾಗುತ್ತದೆ? ವಾಲ್ವ್ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ಶಾಫ್ಟ್ ತಟ್ಟನೆ ನಿಲ್ಲುತ್ತದೆ. ಕೆಲವು ವಾಲ್ವುಗಳು ತೆರೆದೇ ಉಳಿಯುತ್ತವೆ. ಗಾಡಿಯ ಓಟಕ್ಕೆ ಕ್ರ್ಯಾಂಕ್ ಇನ್ನೂ ತಿರುಗುತ್ತಿರುವುದರಿಂದ ಪಿಸ್ಟನ್ ಬಂದು ಅವನ್ನು ಗುದ್ದುತ್ತದೆ. ಎಂಜಿನ್ ಬಂದ್ ಆಗುತ್ತಲೇ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ. ಗಾಬರಿಯಾಗದೆ ಬಲವಾಗಿ ತುಳಿದು ಬದಿಗೆ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಹೆಚ್ಚಿನ ಹಾನಿ ಆಗುವುದು ನಮ್ಮ ಒಳ್ಳೆಯ ಮನಸ್ಸಿನಿಂದ. ಕುಷ್ಟಗಿ ರಸ್ತೆಯಲ್ಲಿ ಗಾಡಿ ನಿಂತರೆ ನಾಲ್ಕು ಜನ ಓಡಿ ಬರುತ್ತಾರೆ. "ಕಾಕಾ, ನೀವು ಸೆಕೆಂಡ್ ಗೇರಿಗೆ ಹಾಕ್ರಿ, ನಾವು ದಬ್ಬತೀವಿ." ದಯವಿಟ್ಟು ಬೇಡವೆನ್ನಿ. ಓಡುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ನಿಂತು, ಒಂದು ಸಲ ಸೆಲ್ಫ್ ಹೊಡೆದಾಗ ಎಂದಿನ ಎಳೆತವಿಲ್ಲದೆ ಒಂದೇ ಸಮನೆ ಹಗುರವಾಗಿ ತಿರುಗಿದರೆ, ಸಿಲಿಂಡರಿನಲ್ಲಿ ಕಂಪ್ರೆಶನ್ ಇಲ್ಲ ಎಂದರ್ಥ. ಎರಡನೇ ಸಲ ಹೊಡೆಯಬಾರದು. ಬೆಲ್ಟ್ ಪೂರ್ತಿ ಹರಿಯದೆ ಹಲ್ಲು ಜಾರಿದ್ದರೂ ದಬ್ಬಿ ಸ್ಟಾರ್ಟ್ ಮಾಡುವ ಪ್ರಯತ್ನ ಉಳಿದ ವಾಲ್ವುಗಳನ್ನು ಬಲಿ ತೆಗೆದುಕೊಳ್ಳಬಹುದು. ನ್ಯೂಟ್ರಲ್‌ನಲ್ಲಿಟ್ಟು ಎಳೆಸಿಕೊಂಡು ಹೋಗಿ.

ಗ್ಯಾರೇಜಿನಲ್ಲಿ "ಎಂಜಿನ್ ಹೋಗೈತ್ರಿ" ಎಂದಾಗ ಎದೆ ಕುಸಿಯುತ್ತದೆ. ಆದರೆ ಆ ಮಾತನ್ನು ಹಂತ ಹಂತವಾಗಿ ಪರೀಕ್ಷಿಸಿದ ಮೇಲೆ ಹೇಳಬೇಕು, ಅಂದಾಜು ಖರ್ಚನ್ನೂ ಹಾಗೇ ಕೊಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಮೊದಲು ಬೆಲ್ಟಿನ ಮುಚ್ಚಳ ತೆಗೆಸಿ ನೋಡಿ. ಎಷ್ಟೋ ಸಲ ಬೆಲ್ಟ್ ತುಂಡಾಗಿರುವುದಿಲ್ಲ, ಕೆಳಗಿನ ಸಣ್ಣ ಕ್ರ್ಯಾಂಕ್ ಪುಲ್ಲಿಯ ಬಳಿ ಹತ್ತಾರು ಹಲ್ಲುಗಳು ಬೋಳಾಗಿರುತ್ತವೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರಿನ ಬೇರಿಂಗ್ ಹಿಡಿದುಕೊಂಡಿತ್ತೇ, ಆಯಿಲ್ ಸೋರಿತ್ತೇ ಎಂಬುದು ಅಲ್ಲೇ ಕಾಣುತ್ತದೆ. ಹಲವು ಎಂಜಿನ್ನುಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಕಾರಣ ಸಿಗದೆ ಬೆಲ್ಟ್ ಮಾತ್ರ ಬದಲಿಸಿದರೆ ಹೊಸದೂ ಹೋಗುತ್ತದೆ. ಆಮೇಲೆ ಕ್ರ್ಯಾಂಕ್, ಕ್ಯಾಮ್ ಪುಲ್ಲಿಗಳ ಗುರುತು ಕೂಡಿಸಿ, ಬೆಲ್ಟ್ ಹಾಕಿ, ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಯಬೇಕು. ಅದು ಬಾರದಿದ್ದರೆ ಹೆಡ್ ಬಿಚ್ಚಬೇಕು.

ಹೆಡ್ ಬಿಚ್ಚುವ ದಿನ ನೀವೂ ಅಲ್ಲಿರಿ. ಮಸಿ ಹಿಡಿದ ಪಿಸ್ಟನ್ ತಲೆಯ ಮೇಲೆ ಬಿದಿಗೆ ಚಂದ್ರನ ಆಕಾರದ ಹೊಳೆಯುವ ಗಾಯ ಕಾಣುತ್ತದೆ, ವಾಲ್ವಿನ ಅಂಚು ಬಡಿದ ಗುರುತು ಅದು. ಗಾಯ ತೆಳುವಾಗಿದ್ದರೆ ಪಿಸ್ಟನ್ ಉಳಿಯಬಹುದು. ಬಿರುಕಿದ್ದರೆ ಇಲ್ಲ. ಎಲ್ಲ ಪಿಸ್ಟನ್‌ಗಳೂ ಒಂದೇ ಎತ್ತರಕ್ಕೆ ಬರುತ್ತವೆಯೇ ಎಂದು ಅಳೆಸಿ. ಒಂದು ತಗ್ಗಿದ್ದರೆ ಅದರ ಕನೆಕ್ಟಿಂಗ್ ರಾಡ್ ಬಾಗಿರುವ ಸಾಧ್ಯತೆ ಇದೆ, ಆಗ ಖರ್ಚು ನಿಜಕ್ಕೂ ಏರುತ್ತದೆ. ಹೆಡ್ ಗದಗಿಗೋ ಹುಬ್ಬಳ್ಳಿಗೋ ಲೇಥಿಗೆ ಹೋಗುತ್ತದೆ. ಬಾಗಿದ ವಾಲ್ವುಗಳ ಜೊತೆ ಗೈಡುಗಳನ್ನೂ ನೋಡಬೇಕು. ಪೇಸ್ಟ್ ಹಚ್ಚಿ ವಾಲ್ವನ್ನು ಸೀಟಿಗೆ ಉಜ್ಜಿ ಕೂಡಿಸಿದ ಮೇಲೆ ಹೆಡ್ಡನ್ನು ಅಡಿಮೇಲು ಮಾಡಿ ಚಿಮಣಿ ಎಣ್ಣೆ ಹೊಯ್ದರೆ ಒಂದು ಹನಿಯೂ ಪೋರ್ಟಿನ ಕಡೆ ಜಿನುಗಬಾರದು. ಈ ಪರೀಕ್ಷೆಗೆ ಹಣ ಬೇಕಿಲ್ಲ, ತಾಳ್ಮೆ ಬೇಕು.

ಇನ್ಶೂರೆನ್ಸ್ ಇದಕ್ಕೆ ಬರುವುದಿಲ್ಲ. ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಯಂತ್ರದ ಕೆಡುಕು, ಸವೆತ ಎರಡನ್ನೂ ಹೊರಗಿಟ್ಟಿರುತ್ತಾರೆ. ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸುವುದು ಅಗ್ಗ ಎಂದು ಕೆಲವರು ಸಲಹೆ ಕೊಡುತ್ತಾರೆ. ಪಿಸ್ಟನ್, ರಾಡ್ ಎರಡೂ ಹೋಗಿದ್ದರೆ ಆ ದಾರಿ ಯೋಚಿಸಬಹುದು. ಆದರೆ ಎಂಜಿನ್ ನಂಬರ್ ಬದಲಾಗುವುದರಿಂದ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ತಿದ್ದಿಸಬೇಕು, ತಂದ ಎಂಜಿನ್ನಿಗೆ ಹೊಸ ಬೆಲ್ಟ್ ಹಾಕಿಯೇ ಇಳಿಸಬೇಕು.

ಎಲ್ಲ ಜೋಡಿಸಿದ ಮೇಲೆ, ಸೆಲ್ಫ್ ಹೊಡೆಯುವ ಮುಂಚೆ, ಫಿಟ್ಟರ್ ಪಾನಾ ಹಾಕಿ ಕ್ರ್ಯಾಂಕನ್ನು ಕೈಯಿಂದ ಪೂರಾ ಎರಡು ಸುತ್ತು ತಿರುಗಿಸಬೇಕು. ಆಗ ಕ್ಯಾಮ್ ಒಂದು ಸುತ್ತು ಮುಗಿಸುತ್ತದೆ, ಪುಲ್ಲಿಗಳ ಗುರುತುಗಳು ಮತ್ತೆ ಸರಿಯಾಗಿ ಕೂಡಬೇಕು. ಎಲ್ಲಾದರೂ ತಡೆದರೆ ಅಲ್ಲಿಗೇ ನಿಲ್ಲಿಸಿ ಮತ್ತೆ ನೋಡಬೇಕು. ಅದಾದ ಬಳಿಕ ತಾರೀಖು, ಕಿಲೋಮೀಟರ್ ಬರೆದ ಚೀಟಿಯನ್ನು ಬಾನೆಟ್ಟಿನ ಒಳಮೈಗೆ ಅಂಟಿಸಲು ಹೇಳಿ. ಗಾಡಿ ಮುಂದೆ ಯಾರ ಕೈಗೆ ಹೋದರೂ ಅವರಿಗೆ ಆ ಎರಡು ಸಂಖ್ಯೆ ಬೇಕಾಗುತ್ತದೆ.