ಹ್ಯುಮಿರಾದ ಬೇಲಿ

ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸಲೂ ಇನ್ನೊಬ್ಬರನ್ನು ಕೂಗಬೇಕು. ತಾಸು ಕಳೆದ ಮೇಲೆ ಗೆಣ್ಣುಗಳು ಸಡಿಲವಾಗುತ್ತವೆ. ರುಮಟಾಯ್ಡ್ ಸಂಧಿವಾತದವರ ಪಾಡು ಇದು. ವಯಸ್ಸಾಗಿ ಕೀಲು ಸವೆಯುವುದಲ್ಲ. ಮೈ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಆ ಉರಿಯೂತಕ್ಕೆ ಕುಮ್ಮಕ್ಕು ಕೊಡುವ ಪ್ರೋಟೀನು ಟಿಎನ್‌ಎಫ್ ಎಂದು ತೋರಿಸಿಕೊಟ್ಟವರು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ.

ಟಿಎನ್‌ಎಫ್ ಅನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯವೇ ಅಡಲಿಮುಮ್ಯಾಬ್. ಮಾರಾಟದ ಹೆಸರು ಹ್ಯುಮಿರಾ. 2002ರ ಕೊನೆಯ ದಿನ ಅಮೆರಿಕ ಒಪ್ಪಿಗೆ ಕೊಟ್ಟಿತು. ಮೊದಲು ಸಂಧಿವಾತಕ್ಕೆ, ಆಮೇಲೆ ಸೋರಿಯಾಸಿಸ್‌ಗೆ, ಬೆನ್ನುಮೂಳೆ ಬಿಗಿಯುವ ಕಾಯಿಲೆಗೆ, ಕರುಳಿನ ಕ್ರೋನ್ಸ್‌ಗೆ. ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ 40 ಮಿಲಿಗ್ರಾಂ, ಚರ್ಮದಡಿಗೆ ಚುಚ್ಚುಮದ್ದು. ಆದರೆ ದೇಹದಲ್ಲಿ ಅಡಗಿ ಕೂತ ಕ್ಷಯವನ್ನು ಅದುಮಿಟ್ಟಿರುವುದೂ ಇದೇ ಟಿಎನ್‌ಎಫ್. ಹಾಗಾಗಿ ಕ್ಷಯದ ಪರೀಕ್ಷೆ ಆಗದೆ ಮೊದಲ ಸೂಜಿ ಚುಚ್ಚುವಂತಿಲ್ಲ. ನಮ್ಮ ದೇಶದಲ್ಲಿ ಇದು ಬರೀ ಶಾಸ್ತ್ರಕ್ಕೆ ಮಾಡುವ ಪರೀಕ್ಷೆಯಲ್ಲ.

ಇದರ ಜೆನೆರಿಕ್ ಸಿಗುತ್ತದೆಯೇ? ಆ ಪದವೇ ಇಲ್ಲಿ ಒಗ್ಗದು. ಆಸ್ಪಿರಿನ್ನಿನ ಅಣುವಿನಲ್ಲಿ 21 ಪರಮಾಣು. ಯಾರು ತಯಾರಿಸಿದರೂ ಅದು ಅದೇ. ಅಡಲಿಮುಮ್ಯಾಬ್‌ನಲ್ಲಿ ಸುಮಾರು 20 ಸಾವಿರ, ಅದೂ ಹ್ಯಾಮ್‌ಸ್ಟರ್ ಎಂಬ ದಂಶಕದ ಜೀವಕೋಶಗಳಲ್ಲಿ ಬೆಳೆಸಿದ್ದು. ಪಕ್ಕದ ಮನೆಯಿಂದ ಹೆಪ್ಪು ತಂದರೂ ನಮ್ಮ ಮೊಸರು ಅವರದರಂತೆಯೇ ಆಗುವುದಿಲ್ಲವಲ್ಲ, ಹಾಗೆ. ಅದಕ್ಕೇ ನಕಲನ್ನು ಬಯೋಸಿಮಿಲರ್ ಎನ್ನುತ್ತಾರೆ. ಗುಣದಲ್ಲಿ, ಸುರಕ್ಷತೆಯಲ್ಲಿ ಮೂಲದಷ್ಟೇ ಎಂದು ರುಜುವಾತು ಮಾಡಬೇಕು, ಖರ್ಚೂ ಹೆಚ್ಚು.

ಮೂಲ ಪೇಟೆಂಟ್ ಅಮೆರಿಕದಲ್ಲಿ 2016ಕ್ಕೇ ಮುಗಿಯಿತು. ಅಷ್ಟರಲ್ಲಿ ಹ್ಯುಮಿರಾದ ಕಂಪನಿ ತಯಾರಿಕೆಯ ವಿಧಾನಕ್ಕೆ, ದ್ರಾವಣದ ಹದಕ್ಕೆ, ಡೋಸಿಗೆ, ಒಂದೊಂದು ಕಾಯಿಲೆಗೆ ಬೇರೆಬೇರೆಯಾಗಿ ನೂರಕ್ಕೂ ಮಿಕ್ಕಿ ಪೇಟೆಂಟ್ ನೆಟ್ಟಿತ್ತು. ಹೊಲದ ಗಡುವು ಮುಗಿದರೂ ಬೇಲಿ ನಿಂತೇ ಇತ್ತು. ಇದನ್ನು ಹೊಸ ಸಂಶೋಧನೆಯ ರಕ್ಷಣೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಭಾರತದಲ್ಲಿ ಜೈಡಸ್ 2014ರಲ್ಲೇ ತನ್ನ ಬಯೋಸಿಮಿಲರ್ ತಂದಿತ್ತು, ಯುರೋಪಿಗೆ ಬೇರೆ ಕಂಪನಿಗಳ ಬಯೋಸಿಮಿಲರ್‌ಗಳು 2018ರಲ್ಲಿ ಬಂದವು. ಅಮೆರಿಕದ ರೋಗಿಗಳು ಮಾತ್ರ 2023ರ ಜನವರಿಯವರೆಗೆ ಕಾದರು. ಅದರ ಹಿಂದಿನ ವರ್ಷ ಹ್ಯುಮಿರಾದ ಜಾಗತಿಕ ಮಾರಾಟ ಸುಮಾರು 2,100 ಕೋಟಿ ಡಾಲರ್. ಪೈಪೋಟಿಯ ಕಂಪನಿಗಳು ಹ್ಯುಮಿರಾದ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಸರದಿಗೆ ನಿಂತವು. 2023ರ ಜುಲೈಯಲ್ಲಿ ಒಳಬಂದವುಗಳಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್ ಮಾರುವ, ಜಪಾನಿನಲ್ಲಿ ರೂಪುಗೊಂಡ ಔಷಧವೂ ಒಂದು. ಹೆಸರು ಹುಲಿಯೊ. ಕನ್ನಡದ ಕಿವಿಗೆ ಬೇರೇನೋ ಕೇಳಿಸಿದರೆ ಅದು ಕಾಕತಾಳೀಯ.