ಚಳಿಗೆ ಮೈ ಮುದುಡಬಾರದು

ಡಿಸೆಂಬರ್ ಬಂತು. ಬೆಳಗಿನ ಚಳಿ ಶುರುವಾಯ್ತು. ಕಾಪುವಿಗೆ ಕಡಲು ಹತ್ತಿರ. ಅಲ್ಲಿ ಚಳಿ ಕಮ್ಮಿ. ಕಾರ್ಕಳ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿ ಚಳಿ ಜಾಸ್ತಿ. ಬಚ್ಚಲ ಒಲೆಯ ಮುಂದಿನಿಂದ ಏಳಲು ಮನಸ್ಸೇ ಬರುವುದಿಲ್ಲ.

ನಮ್ಮಲ್ಲಿ ಬೀಡಿ ಕಟ್ಟುವವರು ಬಹಳ ಮಂದಿ. ತಡ್ಪೆ ತೊಡೆಯ ಮೇಲಿಟ್ಟು ಕೂತರೆ ಗಂಟೆಗಟ್ಟಲೆ ಏಳುವುದಿಲ್ಲ. ಚಳಿಗೆ ಮೈ ಬಿಗಿಯುತ್ತದೆ. ಕೂತಲ್ಲೇ ಕೂತರೆ ಇನ್ನೂ ಬಿಗಿಯುತ್ತದೆ. ಆಮೇಲೆ ಎದ್ದರೆ ಮಂಡಿ ಹಿಡಿಯುತ್ತದೆ, ಸೊಂಟ ನೋಯುತ್ತದೆ. "ವಯಸ್ಸಾಯ್ತು" ಅಂತ ನಾವೇ ಹೇಳಿಕೊಳ್ತೇವೆ. ಎಲ್ಲ ನೋವೂ ವಯಸ್ಸಿನದ್ದಲ್ಲ. ಅಲುಗಾಡದೆ ಕೂತದ್ದರ ನೋವೂ ಉಂಟು.

"ದಿನವಿಡೀ ಮನೆಗೆಲಸ ಮಾಡ್ತೇವೆ. ಮತ್ತೆ ವ್ಯಾಯಾಮ ಎಂತಕ್ಕೆ?" ಈ ಪ್ರಶ್ನೆ ಸರಿಯಾದದ್ದೇ. ಬಾವಿಯಿಂದ ನೀರು ಸೇದುವುದು, ಅಂಗಳ ಗುಡಿಸುವುದು, ಹುಲ್ಲು ಹೊರುವುದು ಎಲ್ಲವೂ ವ್ಯಾಯಾಮವೇ. ಆದರೆ ಈಗ ಎಷ್ಟೋ ಮನೆಗೆ ಪಂಪು ಬಂದಿದೆ. ಮಿಕ್ಸಿ ಬಂದಿದೆ. ಕಡೆಯುವ ಕಲ್ಲು ಮೂಲೆ ಸೇರಿದೆ. ಅದು ಒಳ್ಳೆಯದೇ ಆಯ್ತು, ಕಲ್ಲು ತಿರುಗಿಸಿದವರಿಗೆ ಗೊತ್ತು! ಆದರೆ ನಾವು ಕೂರುವುದು ಹೆಚ್ಚಾಯ್ತು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಂದು ಲೆಕ್ಕ ಕೊಟ್ಟಿದೆ. ದೊಡ್ಡವರು ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಮೈ ಬಳಸಬೇಕು. ಅಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ 5 ದಿನ. ಒಟ್ಟಿಗೆ ಆಗದಿದ್ದರೆ 10 ನಿಮಿಷದಂತೆ 3 ಸಲ ಮಾಡಬಹುದು. ಬೀಡಿ ಬ್ರಾಂಚಿಗೆ ಬಿರುಸಾಗಿ ನಡೆದು ಹೋದದ್ದೂ ಲೆಕ್ಕಕ್ಕೆ ಸೇರುತ್ತದೆ. ಎಷ್ಟು ಬಿರುಸು? ನಡೆಯುವಾಗ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಸಾಕು.

ಮನೆಯೊಳಗೂ ಮಾಡಬಹುದು. ಗಂಟೆಗೊಮ್ಮೆ ತಡ್ಪೆ ಕೆಳಗಿಟ್ಟು ಏಳಿ. ಭುಜ ತಿರುಗಿಸಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ, ಇಳಿಸಿ. ಹೀಗೆ 10 ಸಲ. ಬೆಂಚಿನ ಮೇಲೆ ಕೂತು, ಕೈ ಊರದೆ ಏಳಿ. ಇದೂ 10 ಸಲ. ಇದರಿಂದ ತೊಡೆಗೆ ಬಲ ಬರುತ್ತದೆ. ತೊಡೆ ಗಟ್ಟಿಯಾದರೆ ಮಂಡಿಗೆ ಆಸರೆ.

ಹೊರಗೆ ಹೋಗುವವರು ಬಿಸಿಲು ಬಿದ್ದ ಮೇಲೆ ಹೊರಡಿ. ಮೊದಲ 5 ನಿಮಿಷ ನಿಧಾನ ನಡೆಯಿರಿ. ಮೈ ಬಿಸಿಯಾಗಲಿ. ಕಾಪುವಿನಲ್ಲಿ 1901ರ ದೀಪಸ್ತಂಭದ ಹತ್ತಿರ ಕಡಲತೀರ ಉಂಟು. ಒಣ ಮರಳಿನಲ್ಲಿ ಕಾಲು ಹೂತು ಬೇಗ ದಣಿವಾಗುತ್ತದೆ. ಒದ್ದೆ ಮರಳು ಗಟ್ಟಿ, ನಡೆಯಲು ಸುಲಭ. ಕಾರ್ಕಳದವರಿಗೆ ಗೊಮ್ಮಟ ಬೆಟ್ಟ ಉಂಟು. 1432ರಲ್ಲಿ ನಿಲ್ಲಿಸಿದ 42 ಅಡಿಯ ಮೂರ್ತಿ ಅಲ್ಲಿದೆ. ಮೆಟ್ಟಿಲು ಹತ್ತುವುದು ಒಳ್ಳೆಯ ವ್ಯಾಯಾಮ. ಮಂಡಿ ನೋವಿದ್ದವರಿಗೆ ಮಾತ್ರ ಬೇಡ. ಅವರು ಸಮತಟ್ಟು ದಾರಿಯಲ್ಲಿ ನಡೆಯಲಿ. ಮಣಿಪಾಲದವರಿಗೆ ಎಂಡ್ ಪಾಯಿಂಟ್, ಉಡುಪಿಯವರಿಗೆ ರಥಬೀದಿ.

"ಇವಳಿಗೆ ಬೇರೆ ಕೆಲಸ ಇಲ್ಲ" ಅಂತ ಯಾರಾದರೂ ನಗಬಹುದು. ಒಬ್ಬಳೇ ಹೋದರೆ ನಾಚಿಕೆಯಾಗುತ್ತದೆ. ನೆರೆಮನೆ ಅಕ್ಕನನ್ನೂ ಕರೆಯಿರಿ. ಮೂವರು ಹೋದರೆ ನಗುವವರು ಕಮ್ಮಿ.

ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ. ಆದರೂ ನೀರು ಕುಡಿಯಬೇಕು. ಬಿಪಿ, ಸಕ್ಕರೆ ಕಾಯಿಲೆ, ಉಬ್ಬಸ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ನಡೆಯುವಾಗ ಎದೆ ಹಿಂಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ಕೂತುಬಿಡಿ. ಎದೆನೋವು ಬಿಡದಿದ್ದರೆ "ಗ್ಯಾಸ್ ಇರಬೇಕು" ಅಂತ ಮನೆಗೆ ನಡೆಯಬೇಡಿ. ಜೊತೆಯವರಿಂದ 108ಕ್ಕೆ ಫೋನ್ ಮಾಡಿಸಿ.